ಸರ್ವರ್ ಬಿದ್ದಾಗ ಬ್ರೌಸರ್ ಒಮ್ಮೆ ತಕ್ಷಣ ಎರರ್ ಕೊಡುತ್ತದೆ, ಇನ್ನೊಮ್ಮೆ ಸುತ್ತುತ್ತಲೇ ಇರುತ್ತದೆ. ಯಾಕೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಒಂದು ಸಂಸ್ಥೆಗೆ ಶುಲ್ಕ ಕಟ್ಟುವ ಪುಟ ಮಾಡುತ್ತಿದ್ದೇನೆ. ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಸರ್ವರ್, ಕ್ಲೌಡ್‌ನಲ್ಲಿ ಒಂದು ಲಿನಕ್ಸ್ ವಿಎಂ (ವರ್ಚುವಲ್ ಮಷೀನ್). ಸರ್ವರ್ ಬಿದ್ದರೆ ಜನರಿಗೆ ಏನು ಕಾಣುತ್ತದೆ ನೋಡೋಣ ಅಂತ ಬೇಕಂತಲೇ ಕೆಡವಿ ನೋಡಿದೆ. ಕಿಲ್ ಮೈನಸ್ 9 ಕೊಟ್ಟು ಪ್ರೊಸೆಸ್ ಕೊಂದರೆ ಕ್ರೋಮ್ ಆ ಕ್ಷಣವೇ ‘ಕನೆಕ್ಷನ್ ರಿಫ್ಯೂಸ್ಡ್’ ಅನ್ನುತ್ತದೆ. ವಿಎಂ ಅನ್ನೇ ಬಲವಂತವಾಗಿ ಆಫ್ ಮಾಡಿದರೆ ಟ್ಯಾಬ್ ಮೇಲಿನ ಚಕ್ರ ಸುತ್ತುತ್ತಲೇ ಇರುತ್ತದೆ, ಟೀ ಕುಡಿದು ಬಂದರೂ ಸುತ್ತುತ್ತಿರುತ್ತದೆ. ಇನ್ನು ಕೆಲವು ಸಲ ‘ಎಂಪ್ಟಿ ರೆಸ್ಪಾನ್ಸ್’, ಕೆಲವು ಸಲ ‘ಕನೆಕ್ಷನ್ ರೀಸೆಟ್’. ಸತ್ತಿದ್ದು ಒಂದೇ ಸರ್ವರ್ ತಾನೇ? ನಾಲ್ಕು ಥರ ಯಾಕೆ ಹೇಳುತ್ತದೆ?

ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಬ್ರೌಸರ್ ತಾನಾಗಿಯೇ ಮತ್ತೊಮ್ಮೆ ರಿಕ್ವೆಸ್ಟ್ ಕಳಿಸಿಬಿಡುತ್ತದೆಯಾ? ದುಡ್ಡಿನ ವಿಷಯ. ಎರಡು ಸಲ ಕಟ್ ಆದರೆ ಬೈಸಿಕೊಳ್ಳುವವನು ನಾನು.

ಪ್ಯಾಕೆಟ್ ಪರಮೇಶಿ:
ಸರ್ವರ್ ಸತ್ತಿತು ಅನ್ನುವುದು ಬ್ರೌಸರ್‌ಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಎರಡೇ: ಆ ಕಡೆಯಿಂದ ಏನು ಪ್ಯಾಕೆಟ್ ಬಂತು, ಅಥವಾ ಏನೂ ಬರಲಿಲ್ಲ. ನಿಮ್ಮ ನಾಲ್ಕೂ ಎರರ್ ಹುಟ್ಟುವುದು ಇಲ್ಲಿಂದಲೇ.

ಕಿಲ್ ಮೈನಸ್ 9 ಕೊಟ್ಟಾಗ ಸತ್ತಿದ್ದು ನಿಮ್ಮ ನೋಡ್ ಮಾತ್ರ. ಕೆಳಗಿರುವ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಆರಾಮಾಗಿದೆ. ಪ್ರೊಸೆಸ್ ಹೋದ ಕೂಡಲೇ ಅದು ತೆರೆದಿದ್ದ ಸಾಕೆಟ್‌ಗಳನ್ನೆಲ್ಲ (ಕನೆಕ್ಷನ್‌ಗಳ ಈ ಕಡೆಯ ತುದಿಗಳನ್ನು) ಕರ್ನಲ್ಲೇ ಮುಚ್ಚುತ್ತದೆ, ಮುಚ್ಚುವಾಗ ಆ ಕಡೆಯವರಿಗೆ ‘ನನ್ನದು ಮುಗಿಯಿತು’ ಅನ್ನುವ ಫಿನ್ ಪ್ಯಾಕೆಟ್ ಹೋಗುತ್ತದೆ. ಆದರೆ ನೋಡ್ ಇನ್ನೂ ಓದದೇ ಬಿಟ್ಟ ಡೇಟಾ ಸಾಕೆಟ್‌ನಲ್ಲಿ ಉಳಿದಿದ್ದರೆ ಲಿನಕ್ಸ್ ಫಿನ್ ಬದಲು ಆರ್‌ಎಸ್‌ಟಿ (ರೀಸೆಟ್, ಅಂದರೆ ‘ಕನೆಕ್ಷನ್ ರದ್ದು’) ಕಳಿಸುತ್ತದೆ. ಹಾಗಾಗಿ ನಿಮ್ಮ ನೋಡ್ ರಿಕ್ವೆಸ್ಟ್ ಪೂರ್ತಿ ಓದಿಕೊಂಡು, ಉತ್ತರದ ಒಂದು ಬೈಟ್ ಕೂಡ ಬರೆಯದೆ ಸತ್ತರೆ ‘ಎಂಪ್ಟಿ ರೆಸ್ಪಾನ್ಸ್’. ಓದುವ ಮೊದಲೇ ಸತ್ತರೆ ‘ರೀಸೆಟ್’. ಅದಾದ ಮೇಲೆ ಹೊಸದಾಗಿ ಬರುವವರು ಸಿನ್ (ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್) ಕಳಿಸುತ್ತಾರೆ. ಆ ಪೋರ್ಟ್‌ನಲ್ಲಿ ಕೇಳುವವರೇ ಇಲ್ಲ, ಕರ್ನಲ್ ತಕ್ಷಣ ಆರ್‌ಎಸ್‌ಟಿ ಎಸೆಯುತ್ತದೆ. ಇದು ‘ರಿಫ್ಯೂಸ್ಡ್’.

ವಿಎಂ ಆಫ್ ಮಾಡಿದಾಗ ಕರ್ನಲ್ಲೂ ಹೋಯಿತು. ಫಿನ್ ಕಳಿಸುವವರು ಯಾರು? ಫೋನಿನಲ್ಲಿ ಆ ಕಡೆಯವರು ಕಟ್ ಮಾಡಿದರೆ ಟೂಂ ಟೂಂ ಸದ್ದು ಬರುತ್ತದೆ, ಆದರೆ ಟವರ್ ಹೋದರೆ ನಾವು ‘ಹಲೋ ಹಲೋ’ ಅಂತಲೇ ಇರುತ್ತೇವಲ್ಲ, ಅದೇ ಸ್ಥಿತಿ.

ಹಳೇ ಸಿಸ್‌ಅಡ್ಮಿನ್:
ಪರಮೇಶಿ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಇದೇ ಪ್ರಯೋಗವನ್ನು ಆಫೀಸಿನ ಒಳಗೆ, ಒಂದೇ ಲ್ಯಾನ್‌ನಲ್ಲಿ ಇರುವ ಮಷೀನ್ ಆಫ್ ಮಾಡಿ ಮಾಡಿದರೆ ಫಲಿತಾಂಶ ಬೇರೆ. ಅಲ್ಲಿ ನಿಮ್ಮ ಕಂಪ್ಯೂಟರೇ ಎಆರ್‌ಪಿ ಮೂಲಕ ‘ಈ ಐಪಿ ವಿಳಾಸ ಯಾರದ್ದು’ ಅಂತ ಕೇಳುತ್ತದೆ, ಉತ್ತರ ಬರುವುದಿಲ್ಲ, ಕೆಲವೇ ಸೆಕೆಂಡಿನಲ್ಲಿ ‘ಅಡ್ರೆಸ್ ಅನ್‌ರೀಚಬಲ್’ ಅಂತ ಕೈ ಎತ್ತುತ್ತದೆ. ಅದನ್ನು ನೋಡಿ ‘ನಮ್ಮಲ್ಲಿ ಎರರ್ ಬೇಗ ಬರುತ್ತೆ, ಏನೂ ತೊಂದರೆ ಇಲ್ಲ’ ಅಂತ ಪ್ರೊಡಕ್ಷನ್‌ಗೆ ಹೋದವರನ್ನು ನೋಡಿದ್ದೇನೆ. ನಡುವೆ ಒಂದು ರೌಟರ್ ಬಂದರೆ ಕಥೆಯೇ ಬೇರೆ.

ಬ್ಯಾಕೆಂಡ್ ಭಾಗ್ಯ:
ಆ ‘ಸುತ್ತುತ್ತಲೇ ಇರುತ್ತದೆ’ ಅನ್ನುವುದಕ್ಕೆ ಒಂದು ಕೊನೆ ಇರಬೇಕಲ್ವಾ? ಎಷ್ಟು ಹೊತ್ತು?

ಪ್ಯಾಕೆಟ್ ಪರಮೇಶಿ:
ಕನೆಕ್ಷನ್ ಯಾವ ಹಂತದಲ್ಲಿತ್ತು ಅನ್ನುವುದರ ಮೇಲೆ ಹೋಗುತ್ತದೆ ಮೇಡಂ.

ಹೊಸ ಕನೆಕ್ಷನ್ ಆದರೆ, 2023ರ 6.5 ಆವೃತ್ತಿಗಿಂತ ಹಳೆಯ ಲಿನಕ್ಸ್ ಸಿನ್ ಕಳಿಸಿ 1 ಸೆಕೆಂಡ್ ಕಾಯುತ್ತದೆ, ಆಮೇಲೆ 2, 4, 8 ಹೀಗೆ ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಡೀಫಾಲ್ಟ್ ಆಗಿ 6 ಮರುಪ್ರಯತ್ನ. ಕೂಡಿಸಿದರೆ 127 ಸೆಕೆಂಡ್. ಕ್ರೋಮ್ ತನ್ನ ಕಡೆಯಿಂದ 4 ನಿಮಿಷದ ಮಿತಿ ಇಟ್ಟುಕೊಂಡಿದೆ, ಅಂದರೆ ಲಿನಕ್ಸ್ ಮೇಲೆ ಕರ್ನಲ್ಲೇ ಮೊದಲು ಸೋಲುತ್ತದೆ. ಫೈರ್‌ಫಾಕ್ಸ್ ಅಷ್ಟು ತಾಳ್ಮೆಯದ್ದಲ್ಲ, 90 ಸೆಕೆಂಡಿಗೆ ತಾನೇ ನಿಲ್ಲಿಸುತ್ತದೆ. ವಿಂಡೋಸ್ ಇನ್ನೂ ಬೇಗ, 21 ಸೆಕೆಂಡ್ ಆಸುಪಾಸು. ಒಂದೇ ಕ್ರೋಮ್ ಎರಡು ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ಹೊತ್ತಿಗೆ ಎರರ್ ಕೊಡುವುದು ಇದಕ್ಕೇ.

ಈಗಾಗಲೇ ಇರುವ ಕನೆಕ್ಷನ್ ಮೇಲೆ ನೀವು ಏನಾದರೂ ಕಳಿಸಿ, ಅದಕ್ಕೆ ಎಸಿಕೆ (‘ತಲುಪಿತು’ ಅನ್ನುವ ಉತ್ತರ) ಬರದೇ ಇದ್ದರೆ ಟಿಸಿಪಿ (ಈ ಕನೆಕ್ಷನ್ ನಡೆಸುವ ನಿಯಮಾವಳಿ) ಮತ್ತೆ ಮತ್ತೆ ಕಳಿಸುತ್ತದೆ. ಲಿನಕ್ಸ್‌ನಲ್ಲಿ ಆ ಸಂಖ್ಯೆ 15. ಹತ್ತಿರ ಹತ್ತಿರ ಕಾಲು ಗಂಟೆ ಆಗುತ್ತದೆ.

ಇನ್ನೂ ಕೆಟ್ಟದ್ದು ಮೂರನೆಯದು. ರಿಕ್ವೆಸ್ಟ್ ಹೋಯಿತು, ಎಸಿಕೆಯೂ ಬಂತು, ಆಮೇಲೆ ಮಷೀನ್ ಸತ್ತಿತು. ಈಗ ಬ್ರೌಸರ್ ಕಡೆ ಮತ್ತೆ ಕಳಿಸುವುದಕ್ಕೆ ಏನೂ ಬಾಕಿ ಇಲ್ಲ. ಸುಮ್ನೆ ಕಿವಿ ಕೊಟ್ಟು ಕೂತಿದೆ. ಟಿಸಿಪಿ ನಿಯಮದ ಪ್ರಕಾರ ಹಾಗೆ ಎಷ್ಟು ದಿನ ಬೇಕಾದರೂ ಕೂರಬಹುದು! ‘ಇದ್ದೀಯಾ’ ಅಂತ ಪ್ರೋಬ್ ಪ್ಯಾಕೆಟ್ ಕಳಿಸಿ ನೋಡುವ ಕೀಪ್‌ಅಲೈವ್ ಅಂತ ಒಂದು ಇದೆ, ಆದರೆ ಲಿನಕ್ಸ್‌ನ ಡೀಫಾಲ್ಟ್‌ನಲ್ಲಿ ಮೊದಲ ಪ್ರೋಬ್ ಹೋಗುವುದೇ 2 ಗಂಟೆ ಆದ ಮೇಲೆ. ಅದು ಯಾರಿಗೂ ಉಪಯೋಗವಿಲ್ಲ ಅಂತ ಕ್ರೋಮ್ ತನ್ನ ಸಾಕೆಟ್‌ಗಳಿಗೆ 45 ಸೆಕೆಂಡ್ ಅಂತ ಬೇರೆ ಇಟ್ಟುಕೊಂಡಿದೆ. ಫೈರ್‌ಫಾಕ್ಸ್ 300 ಸೆಕೆಂಡ್ ಉತ್ತರ ಬರದಿದ್ದರೆ ಬಿಟ್ಟುಬಿಡುತ್ತದೆ.

ತಮಾಷೆ ಏನೆಂದರೆ, ಹೀಗೆ ಕಾಯುತ್ತಿರುವಾಗ ನೀವು ಸರ್ವರ್ ಮತ್ತೆ ಆನ್ ಮಾಡಿದಿರಿ ಅನ್ನಿ. ಹೊಸದಾಗಿ ಎದ್ದ ಕರ್ನಲ್‌ಗೆ ಹಳೆ ಕನೆಕ್ಷನ್ ಗೊತ್ತಿಲ್ಲ. ಬ್ರೌಸರ್‌ನಿಂದ ಮುಂದಿನ ಪ್ಯಾಕೆಟ್ ಬಂದ ಕೂಡಲೇ ‘ನೀನು ಯಾರಪ್ಪಾ’ ಅಂತ ಆರ್‌ಎಸ್‌ಟಿ ಕೊಡುತ್ತದೆ. ಸರ್ವರ್ ಸತ್ತಿದ್ದಷ್ಟು ಹೊತ್ತು ಎರರ್ ಇಲ್ಲ, ಬದುಕಿದ ಮೇಲೆ ಎರರ್.

ಖಾರ ಮಂಡಕ್ಕಿ:
127 ಸೆಕೆಂಡ್, 4 ನಿಮಿಷ, ಕಾಲು ಗಂಟೆ! ಈ ಕಾಲದಲ್ಲಿ ಇದು ಅತಿಯಾಯಿತು. ಬ್ರೌಸರ್ ಮಾಡುವವರು 5 ಸೆಕೆಂಡ್ ಅಂತ ಇಟ್ಟು ಕೈ ತೊಳೆದುಕೊಳ್ಳಬಾರದಾ? ಯಾರು ಅಷ್ಟು ಹೊತ್ತು ಕಾಯುತ್ತಾರೆ, ಎಲ್ಲರೂ ರಿಫ್ರೆಶ್ ಒತ್ತಿಯೇ ಒತ್ತುತ್ತಾರೆ.

ಘಟ್ಟದ ನೆಟ್‌ವರ್ಕ್:
ದಯವಿಟ್ಟು ಬೇಡ. ನಾನಿರುವುದು ಶೃಂಗೇರಿ ಕಡೆ ಒಂದು ಹಳ್ಳಿಯಲ್ಲಿ. ಮಳೆಗಾಲದಲ್ಲಿ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಹತ್ತು ಹದಿನೈದು ಸೆಕೆಂಡ್ ಏನೂ ಬರದೆ, ಆಮೇಲೆ ಪುಟ ಪೂರ್ತಿ ಬರುವುದು ನಮಗೆ ಮಾಮೂಲಿ. 5 ಸೆಕೆಂಡಿಗೆ ಕಡಿದು ಹಾಕಿದರೆ ನಮ್ಮೂರಲ್ಲಿ ಒಂದು ಸೈಟೂ ತೆರೆಯುವುದಿಲ್ಲ. ಬೆಂಗಳೂರಿನ ಫೈಬರ್ ಮೇಲೆ ಕೂತು ಟೈಮ್‌ಔಟ್ ನಿರ್ಧಾರ ಮಾಡಬೇಡಿ ಸ್ವಾಮಿ.

ಪ್ಯಾಕೆಟ್ ಪರಮೇಶಿ:
ಟಿಸಿಪಿ ವಿನ್ಯಾಸದ ಮೂಲ ಯೋಚನೆಯೂ ಇದೇ. ಮೌನ ಅಂದರೆ ಸಾವು ಅಂತ ತೀರ್ಮಾನ ಮಾಡುವ ಹಾಗಿಲ್ಲ. ದಾರಿ ಕೆಟ್ಟಿರಬಹುದು, ಕೇಬಲ್ ಕಿತ್ತು ಮತ್ತೆ ಹಾಕಿರಬಹುದು. ಬ್ರೌಸರ್‌ಗೆ ಸತ್ತ ಸರ್ವರ್ ಮತ್ತು ಘಟ್ಟದ ಮಳೆ ಎರಡೂ ಒಂದೇ ಥರ ಕಾಣುತ್ತವೆ. ಬೇಗ ಬಿಡಬೇಕು ಅಂತಿದ್ದರೆ ಅದನ್ನು ಅಪ್ಲಿಕೇಶನ್ ಬರೆಯುವವರೇ ಹೇಳಬೇಕು, ಯಾಕೆಂದರೆ ಆ ಕೆಲಸಕ್ಕೆ ಎಷ್ಟು ಹೊತ್ತು ಸಹಜ ಅನ್ನುವುದು ಅವರಿಗೆ ಮಾತ್ರ ಗೊತ್ತು. ಪುಟದ ಜಾವಾಸ್ಕ್ರಿಪ್ಟ್ ರಿಕ್ವೆಸ್ಟ್ ಕಳಿಸುವ ಫೆಚ್ ಜೊತೆ ‘ಇಷ್ಟು ಹೊತ್ತಾದರೆ ಬಿಡು’ ಅನ್ನಲು ಅಬಾರ್ಟ್‌ಸಿಗ್ನಲ್ ಟೈಮ್‌ಔಟ್ ಇದೆ, 2022ರಿಂದ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಸಿಗುತ್ತದೆ. ಆದರೆ ನೆನಪಿರಲಿ, ನೀವು ಈ ಕಡೆ ಅಬಾರ್ಟ್ ಮಾಡಿದಿರಿ ಅಂದರೆ ಆ ಕಡೆ ಕೆಲಸ ನಿಂತಿತು ಅಂತ ಅಲ್ಲ.

ಬೇಗ ತೀರ್ಮಾನ ಮಾಡಬಹುದಾದ ಜಾಗ ಒಂದಿದೆ. ಒಂದು ಹೆಸರಿಗೆ ಐಪಿವಿ6, ಐಪಿವಿ4 ಎರಡೂ ವಿಳಾಸ ಇದ್ದಾಗ ಬ್ರೌಸರ್‌ಗಳು ಒಂದಕ್ಕೇ ಅಂಟಿಕೊಳ್ಳುವುದಿಲ್ಲ. ಮೊದಲನೆಯದು ಮಾತಾಡದಿದ್ದರೆ ಅದನ್ನು ಕೈ ಬಿಡದೆಯೇ ಎರಡನೆಯದಕ್ಕೂ ಸಿನ್ ಕಳಿಸಿ, ಯಾವುದು ಮೊದಲು ಬಂತೋ ಅದನ್ನು ಹಿಡಿಯುತ್ತವೆ. ಹ್ಯಾಪಿ ಐಬಾಲ್ಸ್ ಅಂತ ಹೆಸರು. 2017ರ ಆರ್‌ಎಫ್‌ಸಿ 8305 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ನಿಯಮಗಳ ದಾಖಲೆ) ಎರಡು ಪ್ರಯತ್ನಗಳ ನಡುವೆ 250 ಮಿಲಿಸೆಕೆಂಡ್ ಇರಲಿ ಅನ್ನುತ್ತದೆ. ಇಲ್ಲಿ ಬೇಗ ಹೆಜ್ಜೆ ಇಡಬಹುದು, ಯಾಕೆಂದರೆ ಮೊದಲನೆಯದನ್ನು ಕೊಲ್ಲಬೇಕಾಗಿಲ್ಲ.

ಬ್ಯಾಕೆಂಡ್ ಭಾಗ್ಯ:
ಇನ್ನೊಂದು ಥರ ಇದೆ, ಯಾರೂ ಹೇಳಲಿಲ್ಲ. ಸಾಯದೆ, ಬದುಕದೆ ಇರುವುದು. ತುಂಗಾತೀರ ಅವರೇ, ಕಿಲ್ ಮೈನಸ್ 9 ಬದಲು ಕಿಲ್ ಮೈನಸ್ ಸ್ಟಾಪ್ ಕೊಟ್ಟು ನೋಡಿ. ಪ್ರೊಸೆಸ್ ಹೆಪ್ಪುಗಟ್ಟುತ್ತದೆ. ಆದರೆ ಪೋರ್ಟ್ ತೆರೆದೇ ಇದೆ. ಬ್ರೌಸರ್ ಬಂದು ಸಿನ್ ಕಳಿಸಿದರೆ ಕರ್ನಲ್ ನಗುನಗುತ್ತಾ ಹ್ಯಾಂಡ್‌ಶೇಕ್ ಮುಗಿಸಿ ಬ್ಯಾಕ್‌ಲಾಗ್ ಸಾಲಿನಲ್ಲಿ ಕೂರಿಸುತ್ತದೆ. ರಿಕ್ವೆಸ್ಟ್ ಬೈಟ್‌ಗಳನ್ನೂ ತಾನೇ ತೆಗೆದುಕೊಂಡು ಎಸಿಕೆ ಕೊಡುತ್ತದೆ. ಕೀಪ್‌ಅಲೈವ್ ಪ್ರೋಬ್ ಬಂದರೂ ಉತ್ತರ ಕೊಡುವುದು ಕರ್ನಲ್ಲೇ. ಹೊರಗಿನಿಂದ ನೋಡಿದರೆ ಎಲ್ಲ ಸರಿ ಇದೆ, ಉತ್ತರ ಮಾತ್ರ ಬರುವುದಿಲ್ಲ.

ನೋಡ್‌ನಲ್ಲಿ ಇದಕ್ಕೆ ಸ್ಟಾಪ್ ಸಿಗ್ನಲ್ಲೇ ಬೇಕಾಗಿಲ್ಲ. ಎಲ್ಲೋ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಅಥವಾ ಲೂಪ್ ಸಿಕ್ಕಿಹಾಕಿಕೊಂಡು, ಎಲ್ಲ ಕೆಲಸವನ್ನೂ ಒಂದೊಂದಾಗಿ ನಡೆಸುವ ಈವೆಂಟ್ ಲೂಪ್ ನಿಂತರೆ ಇದೇ ಸ್ಥಿತಿ. ನನ್ನ ಅನುಭವದಲ್ಲಿ ಪೂರ್ತಿ ಸತ್ತಿದ್ದಕ್ಕಿಂತ ಹೀಗೆ ನಿಂತಿದ್ದೇ ಜಾಸ್ತಿ ಕಾಡಿದೆ. ಪೋರ್ಟ್ ತೆರೆದಿದೆಯಾ ಅಂತ ಮಾತ್ರ ನೋಡುವ ಹೆಲ್ತ್‌ಚೆಕ್ ಇದ್ದರೆ ಅದೂ ‘ಚೆನ್ನಾಗಿದೆ’ ಅನ್ನುತ್ತಲೇ ಇರುತ್ತದೆ.

ಅದರ ಮೇಲೆ ಇನ್ನೊಂದು. ಎಚ್‌ಟಿಟಿಪಿ 1.1ರಲ್ಲಿ ಒಂದು ಹೋಸ್ಟ್‌ಗೆ ಕ್ರೋಮ್, ಫೈರ್‌ಫಾಕ್ಸ್ ಎರಡೂ ಒಮ್ಮೆಗೆ 6 ಕನೆಕ್ಷನ್ ಮಾತ್ರ ಇಟ್ಟುಕೊಳ್ಳುತ್ತವೆ. ಆರೂ ಹೀಗೆ ನೇತಾಡುತ್ತಿದ್ದರೆ ಏಳನೆಯ ರಿಕ್ವೆಸ್ಟ್ ಬ್ರೌಸರ್ ಬಿಟ್ಟು ಹೊರಗೇ ಹೋಗುವುದಿಲ್ಲ. ಸರ್ವರ್ ಲಾಗ್‌ನಲ್ಲಿ ಹುಡುಕಿದರೆ ಏನು ಸಿಗುತ್ತದೆ?

ತುಂಗಾತೀರ:
ಸ್ಟಾಪ್ ಕೊಟ್ಟು ನೋಡಿದೆ, ನೀವು ಹೇಳಿದ ಹಾಗೇ ಆಯಿತು. ಸರಿ, ಈಗ ನನ್ನ ದುಡ್ಡಿನ ಪ್ರಶ್ನೆಗೆ ಬನ್ನಿ. ಪೋಸ್ಟ್ (ಫಾರ್ಮ್ ಕಳಿಸುವ) ರಿಕ್ವೆಸ್ಟನ್ನು ಬ್ರೌಸರ್ ತಾನಾಗಿ ಮತ್ತೆ ಕಳಿಸುತ್ತದೆಯಾ ಇಲ್ವಾ?

ಖಾರ ಮಂಡಕ್ಕಿ:
ಕಳಿಸುವುದಿಲ್ಲ. ರಿಫ್ರೆಶ್ ಒತ್ತಿದರೆ ‘ಫಾರ್ಮ್ ಮತ್ತೆ ಕಳಿಸಲಾ’ ಅಂತ ಕೇಳುತ್ತದಲ್ಲ. ನಿಯಮವೂ ಇದೆ.

ಪ್ಯಾಕೆಟ್ ಪರಮೇಶಿ:
ರಿಫ್ರೆಶ್ ಒತ್ತಿದಾಗ ಕೇಳುತ್ತದೆ, ನಿಜ. ಆದರೆ ಅದರ ಕೆಳಗಿನ ಪದರದಲ್ಲಿ ಕೇಳದೆ ಕಳಿಸುವ ಸಂದರ್ಭ ಒಂದಿದೆ. ಸ್ವಲ್ಪ ಉದ್ದ ಹೇಳಬೇಕು, ಕೂತುಕೊಳ್ಳಿ.

ಬ್ರೌಸರ್ ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್ ಮಾಡುವುದಿಲ್ಲ. ಕೆಲಸ ಮುಗಿದ ಸಾಕೆಟನ್ನು ಎತ್ತಿಟ್ಟುಕೊಂಡು ಮುಂದಿನ ಸಲ ಬಳಸುತ್ತದೆ. ಕ್ರೋಮ್ ಇಂಥ ಖಾಲಿ ಸಾಕೆಟನ್ನು 5 ನಿಮಿಷ ಇಟ್ಟುಕೊಳ್ಳುತ್ತದೆ. ಆದರೆ ಸರ್ವರ್‌ಗೂ ತನ್ನದೇ ಮಿತಿ ಇದೆ. ನೋಡ್‌ನಲ್ಲಿ ಬಹಳ ವರ್ಷದಿಂದ ಡೀಫಾಲ್ಟ್ 5 ಸೆಕೆಂಡ್. ಈಗ ಹೀಗಾಗುತ್ತದೆ: ಸರ್ವರ್ ‘ಸಾಕು’ ಅಂತ ಮುಚ್ಚುವುದಕ್ಕೂ, ಬ್ರೌಸರ್ ಅದೇ ಸಾಕೆಟ್ ಮೇಲೆ ಹೊಸ ರಿಕ್ವೆಸ್ಟ್ ಹಾಕುವುದಕ್ಕೂ ಸರಿಹೋಗುತ್ತದೆ. ದಾರಿಯಲ್ಲಿ ಎರಡೂ ಒಂದನ್ನೊಂದು ದಾಟುತ್ತವೆ. ಬ್ರೌಸರ್‌ಗೆ ಉತ್ತರದ ಬದಲು ರೀಸೆಟ್ ಬರುತ್ತದೆ. ಯಾರದ್ದೂ ತಪ್ಪಿಲ್ಲ, ಸರ್ವರ್ ಸತ್ತೂ ಇಲ್ಲ. ಇದಕ್ಕೆಲ್ಲ ಎರರ್ ಪುಟ ತೋರಿಸುತ್ತಾ ಕೂತರೆ ಜನ ಬ್ರೌಸರ್ ಬಿಸಾಕುತ್ತಾರೆ.

ಅದಕ್ಕೆ ಕ್ರೋಮಿಯಂ ಕೋಡ್‌ನಲ್ಲಿ ಒಂದು ಚಿಕ್ಕ ತೀರ್ಮಾನ ಇದೆ. ಹಳೆ ಸಾಕೆಟನ್ನು ಮರುಬಳಕೆ ಮಾಡುತ್ತಿದ್ದೆನಾ? ಉತ್ತರದ ಹೆಡರ್ (ಮೊದಲು ಬರುವ ವಿವರದ ಸಾಲುಗಳು) ಇನ್ನೂ ಬಂದಿಲ್ಲವಾ? ಎರಡಕ್ಕೂ ಹೌದು ಅಂದರೆ ಹೊಸ ಕನೆಕ್ಷನ್ ಮಾಡಿ ಅದೇ ರಿಕ್ವೆಸ್ಟ್ ಮತ್ತೆ ಕಳಿಸು. ಹೊಸ ಸಾಕೆಟ್‌ನಲ್ಲೇ ಹೀಗಾದರೆ ಕಳಿಸಬೇಡ, ಎರರ್ ತೋರಿಸು. ಗಮನಿಸಿ: ಅದು ಗೆಟ್ಟಾ (ಬರೀ ಪುಟ ಕೇಳುವುದಾ) ಪೋಸ್ಟಾ ಅಂತ ಆ ತೀರ್ಮಾನದಲ್ಲಿ ನೋಡುವುದಿಲ್ಲ.

ಖಾರ ಮಂಡಕ್ಕಿ:
ಹಾಗಾದರೆ ನಿಯಮ ಮುರಿದ ಹಾಗಾಯಿತಲ್ಲ? ಆರ್‌ಎಫ್‌ಸಿ 9110 ಸ್ಪಷ್ಟವಾಗಿ ಹೇಳುತ್ತದೆ, ಎರಡು ಸಲ ಮಾಡಿದರೆ ಪರಿಣಾಮ ಬದಲಾಗುವ ಥರದ ರಿಕ್ವೆಸ್ಟನ್ನು ತಾನಾಗಿ ಮತ್ತೆ ಕಳಿಸಬಾರದು. ಅದಕ್ಕೂ ಮೊದಲು 2014ರ 7230ರಲ್ಲೂ ಇದೇ ಇತ್ತು.

ಪ್ಯಾಕೆಟ್ ಪರಮೇಶಿ:
ಅದೇ ನಿಯಮದಲ್ಲಿ ಒಂದು ಬಾಗಿಲು ತೆರೆದಿದೆ: ಮೊದಲ ರಿಕ್ವೆಸ್ಟ್ ಆ ಕಡೆ ಜಾರಿಯಾಗಿಲ್ಲ ಅಂತ ತಿಳಿಯುವ ದಾರಿ ಇದ್ದರೆ ಕಳಿಸಬಹುದು. ‘ಹಳೆ ಸಾಕೆಟ್, ಒಂದು ಬೈಟೂ ಬಂದಿಲ್ಲ, ಹಾಗಾಗಿ ಸರ್ವರ್ ಇದನ್ನು ನೋಡಿಯೇ ಇಲ್ಲ’ ಅನ್ನುವುದು ಬ್ರೌಸರ್‌ನ ಊಹೆ. ಹೆಚ್ಚಿನ ಸಲ ಈ ಊಹೆ ಸರಿ. ನನ್ನ ಪ್ರಕಾರ ಇದು ತಿಳಿಯುವುದಲ್ಲ, ಊಹಿಸುವುದು. ಇವೆರಡರ ನಡುವೆ ಇರುವ ಸಂದಿಯಲ್ಲೇ ನಿಮ್ಮ ಶುಲ್ಕದ ದುಡ್ಡು ಬೀಳುವುದು.

ಹೇಗೆ ಅಂದರೆ, ಬಳಕೆದಾರರು ಈಗಷ್ಟೇ ಪುಟ ತೆರೆದಿದ್ದಾರೆ, ಸಾಕೆಟ್ ಬಿಸಿಯಾಗಿದೆ. ‘ಕಟ್ಟಿ’ ಒತ್ತಿದರು. ಪೋಸ್ಟ್ ಹಳೆ ಸಾಕೆಟ್ ಮೇಲೆ ಹೋಯಿತು. ನಿಮ್ಮ ನೋಡ್ ಅದನ್ನು ಓದಿ, ಡೇಟಾಬೇಸ್‌ಗೆ ಬರೆದು, ಉತ್ತರ ಕೊಡುವ ಮೊದಲು ಮೆಮೊರಿ ಸಾಲದೆ ಸತ್ತಿತು. ಕರ್ನಲ್ ಫಿನ್ ಕಳಿಸಿತು. ಬ್ರೌಸರ್‌ಗೆ ಕಾಣುವುದು ಅದೇ: ಹಳೆ ಸಾಕೆಟ್, ಒಂದು ಬೈಟೂ ಇಲ್ಲ. ಅಷ್ಟರಲ್ಲಿ ಲಿನಕ್ಸ್‌ನಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ನಿಮ್ಮ ನೋಡನ್ನು ಮತ್ತೆ ಎಬ್ಬಿಸಿದೆ. ಮರು ರಿಕ್ವೆಸ್ಟ್ ಬಂತು, ಎರಡನೇ ಸಲ ಬರೆಯಿತು. ಬಳಕೆದಾರರಿಗೆ ‘ಪಾವತಿ ಯಶಸ್ವಿ’ ಅಂತ ಒಂದೇ ಸಲ ಕಂಡಿತು. ಅವರು ಒಂದೇ ಸಲ ಒತ್ತಿದ್ದೂ ನಿಜ.

ಬ್ಯಾಕೆಂಡ್ ಭಾಗ್ಯ:
ಬಟನ್ ಒತ್ತಿದ ಕೂಡಲೇ ಡಿಸೇಬಲ್ ಮಾಡಿದರೆ ಸಾಕು ಅನ್ನುವವರಿಗೆ ಇದನ್ನು ತೋರಿಸಬೇಕು. ಈ ಮರುಕಳಿಕೆ ಜಾವಾಸ್ಕ್ರಿಪ್ಟ್‌ಗಿಂತ ಕೆಳಗೆ ನಡೆಯುತ್ತದೆ. ಪುಟದ ಕೋಡ್‌ಗೆ ಸುಳಿವೂ ಸಿಗುವುದಿಲ್ಲ. ಡೆವ್‌ಟೂಲ್ಸ್‌ನಲ್ಲಿ ಒಂದೇ ಸಾಲು ಇರುತ್ತದೆ. ಕ್ರೋಮ್‌ನ ನೆಟ್ ಎಕ್ಸ್‌ಪೋರ್ಟ್ ಲಾಗ್ ತೆಗೆದರೆ ಮಾತ್ರ ‘ರೀಸ್ಟಾರ್ಟ್ ಆಫ್ಟರ್ ಎರರ್’ ಅಂತ ಕಾಣುತ್ತದೆ.

ಪರಿಹಾರ ಸರ್ವರ್ ಕಡೆಯೇ ಆಗಬೇಕು. ಫಾರ್ಮ್ ತೋರಿಸುವಾಗಲೇ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಿ ಅದರೊಳಗೆ ಇಡಿ. ಪಾವತಿ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲ ಆಗುತ್ತದೆ, ಇಲ್ಲದಿದ್ದರೆ ಏನೂ ಆಗುವುದಿಲ್ಲ) ಆ ಸಂಖ್ಯೆಯನ್ನೂ ಬರೆಯಿರಿ, ಆ ಕಾಲಮ್‌ಗೆ ಒಂದೇ ಸಂಖ್ಯೆ ಎರಡು ಸಲ ಸೇರದಂತೆ ತಡೆಯುವ ಯೂನಿಕ್ ಇಂಡೆಕ್ಸ್ ಹಾಕಿ. ಎರಡನೇ ಸಲ ಬಂದರೆ ಡೇಟಾಬೇಸೇ ಒದ್ದು ಹೊರಗೆ ಹಾಕುತ್ತದೆ, ಆಗ ಮೊದಲನೆಯದರ ಫಲಿತಾಂಶವನ್ನೇ ವಾಪಸ್ ಕೊಡಿ. ಪಾವತಿ ಸೇವೆ ಕೊಡುವ ಸ್ಟ್ರೈಪ್‌ನವರ ಎಪಿಐನಲ್ಲಿ ಐಡೆಂಪೊಟೆನ್ಸಿ ಕೀ ಅಂತ ಹೆಡರ್ ಇರುವುದು ಇದಕ್ಕೇ. ‘ಅದೇ ಟ್ರಾನ್ಸಾಕ್ಷನ್’ ಅನ್ನುವುದು ಮುಖ್ಯ. ಸಂಖ್ಯೆಯನ್ನು ರೆಡಿಸ್‌ನಲ್ಲಿ, ಪಾವತಿಯನ್ನು ಪೋಸ್ಟ್‌ಗ್ರೆಸ್‌ನಲ್ಲಿ, ಹೀಗೆ ಎರಡು ಬೇರೆ ಡೇಟಾಬೇಸ್‌ಗಳಲ್ಲಿ ಇಟ್ಟರೆ ನಡುವೆ ಸಾಯುವುದಕ್ಕೆ ಮತ್ತೆ ಜಾಗ ಮಾಡಿಕೊಟ್ಟ ಹಾಗೆ.

ಹಳೇ ಸಿಸ್‌ಅಡ್ಮಿನ್:
ನೀವೆಲ್ಲ ಬ್ರೌಸರ್ ನೇರವಾಗಿ ನೋಡ್ ಜೊತೆ ಮಾತಾಡುತ್ತಿದೆ ಅಂದುಕೊಂಡು ಹೇಳುತ್ತಿದ್ದೀರಿ. ಪ್ರೊಡಕ್ಷನ್‌ನಲ್ಲಿ ಮುಂದೆ, ರಿಕ್ವೆಸ್ಟ್ ಹಿಡಿದು ಹಿಂದಿರುವ ಸರ್ವರ್‌ಗೆ ದಾಟಿಸುವ ಎಂಜಿನ್‌ಎಕ್ಸ್ ಅಥವಾ ಲೋಡ್ ಬ್ಯಾಲೆನ್ಸರ್ ಇದ್ದೇ ಇರುತ್ತದೆ. ಆಗ ಬ್ರೌಸರ್‌ನ ಕನೆಕ್ಷನ್ ಎಂಜಿನ್‌ಎಕ್ಸ್ ಜೊತೆ. ಅದು ಸತ್ತಿಲ್ಲ. ಹಿಂದಿನ ನೋಡ್ ಸತ್ತರೆ ರಿಫ್ಯೂಸ್ಡ್ ಸಿಗುವುದು ಎಂಜಿನ್‌ಎಕ್ಸ್‌ಗೆ, ಬ್ರೌಸರ್‌ಗೆ ಸಿಗುವುದು 502 (‘ಹಿಂದಿರುವ ಸರ್ವರ್ ಕೆಟ್ಟಿದೆ’). ನೋಡ್ ಹೆಪ್ಪುಗಟ್ಟಿದರೆ ಎಂಜಿನ್‌ಎಕ್ಸ್ ಡೀಫಾಲ್ಟ್ ಆಗಿ 60 ಸೆಕೆಂಡ್ ಕಾದು 504 (‘ಹಿಂದಿರುವ ಸರ್ವರ್ ಉತ್ತರಿಸಲಿಲ್ಲ’) ಕೊಡುತ್ತದೆ. ಇವು ಬ್ರೌಸರ್ ಪಾಲಿಗೆ ಎರರ್ರೇ ಅಲ್ಲ, ಸರಿಯಾಗಿ ಬಂದ ಉತ್ತರ.

2021ರ ಜೂನ್ 8ರಂದು ಅನೇಕ ಸೈಟುಗಳ ಪುಟಗಳನ್ನು ಹಂಚುವ ಫಾಸ್ಟ್ಲಿ ಸಿಡಿಎನ್ ಕೆಟ್ಟಾಗ ಇದನ್ನೇ ಜಗತ್ತು ನೋಡಿತು. ಕನೆಕ್ಷನ್ ಚೆನ್ನಾಗೇ ಆಗುತ್ತಿತ್ತು, ಬರುತ್ತಿದ್ದದ್ದು 503 ಅಂತ ಒಂದು ಸಾಲು. ಅದೇ ವರ್ಷ ಅಕ್ಟೋಬರ್ 4ರಂದು ಫೇಸ್‌ಬುಕ್ ಬಿದ್ದಾಗ ಉಲ್ಟಾ. ಹೆಸರಿಗೆ ಐಪಿ ವಿಳಾಸ ಹೇಳುವ ಅವರ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗುವ ದಾರಿಯೇ, ನೆಟ್‌ವರ್ಕ್‌ಗಳು ದಾರಿ ಹೇಳಿಕೊಳ್ಳುವ ಬಿಜಿಪಿಯಿಂದ ಮಾಯವಾಗಿತ್ತು, ಬ್ರೌಸರ್‌ಗಳು ಸಿನ್ ಕಳಿಸುವ ಹಂತಕ್ಕೇ ಹೋಗಲಿಲ್ಲ, ಹೆಸರಿಗೆ ವಿಳಾಸವೇ ಸಿಗಲಿಲ್ಲ.

ಎಂಜಿನ್‌ಎಕ್ಸ್ ಕೂಡ ಮರುಪ್ರಯತ್ನ ಮಾಡುತ್ತದೆ ಅನ್ನುವುದು ಮರೆಯಬೇಡಿ. ಹಿಂದೆ ಎರಡು ನೋಡ್ ಇದ್ದು ಒಂದು ಸತ್ತರೆ ಇನ್ನೊಂದಕ್ಕೆ ಕಳಿಸುತ್ತದೆ. 1.9.13 ಆವೃತ್ತಿಯಿಂದ ಈಚೆಗೆ, ಒಮ್ಮೆ ಒಂದು ನೋಡ್‌ಗೆ ಕಳಿಸಿಯಾದ ಪೋಸ್ಟನ್ನು ಇನ್ನೊಂದಕ್ಕೆ ಕಳಿಸುವುದಿಲ್ಲ. ‘ನಾನ್ ಐಡೆಂಪೊಟೆಂಟ್’ ಅಂತ ಕಾನ್ಫಿಗ್‌ನಲ್ಲಿ ಹಾಕಿದರೆ ಕಳಿಸುತ್ತದೆ. ಯಾರೋ ‘502 ಜಾಸ್ತಿ ಬರುತ್ತಿದೆ’ ಅಂತ ಅದನ್ನು ಹಾಕಿಟ್ಟು ಮರೆತಿರುತ್ತಾರೆ. ನಿಮ್ಮ ಕಾನ್ಫಿಗ್ ಒಮ್ಮೆ ತೆರೆದು ನೋಡಿ.

ತುಂಗಾತೀರ:
ಎಂಜಿನ್‌ಎಕ್ಸ್ ಹಾಕಿದ್ದೇನೆ. ಹಾಕಿದ ಮೇಲೆ ಇನ್ನೊಂದು ವಿಚಿತ್ರ. ನೋಡ್ ಕೊಂದರೆ ಕನ್ಸೋಲ್‌ನಲ್ಲಿ ಕಾರ್ಸ್ (ಬೇರೆ ಡೊಮೈನ್‌ನ ಉತ್ತರ ಓದುವ ಅನುಮತಿ) ಎರರ್ ಬರುತ್ತಿದೆ. ಕಾರ್ಸ್‌ಗೂ ಸರ್ವರ್ ಬೀಳುವುದಕ್ಕೂ ಏನು ಸಂಬಂಧ?

ಬ್ಯಾಕೆಂಡ್ ಭಾಗ್ಯ:
ಎಪಿಐ ಬೇರೆ ಸಬ್‌ಡೊಮೈನ್‌ನಲ್ಲಿದೆ ಅಲ್ವಾ? ಕಾರ್ಸ್ ಹೆಡರ್ ಹಾಕುತ್ತಿದ್ದದ್ದು ನಿಮ್ಮ ನೋಡ್. ಅದು ಸತ್ತಿದೆ. 502 ಬರೆದದ್ದು ಎಂಜಿನ್‌ಎಕ್ಸ್, ಅದಕ್ಕೆ ಆ ಹೆಡರ್ ಗೊತ್ತಿಲ್ಲ. ಬ್ರೌಸರ್ ಹೆಡರ್ ಇಲ್ಲದ ಉತ್ತರವನ್ನು ನಿಮ್ಮ ಸ್ಕ್ರಿಪ್ಟ್‌ಗೆ ಕೊಡುವುದಿಲ್ಲ. ಎಂಜಿನ್‌ಎಕ್ಸ್‌ನಲ್ಲಿ ಆಡ್ ಹೆಡರ್ ಸಾಲಿನ ಕೊನೆಗೆ ಆಲ್ವೇಸ್ ಅಂತ ಸೇರಿಸಿ ಹಾಕಿ, ಇಲ್ಲದಿದ್ದರೆ 502ಕ್ಕೆ ಅದು ಅಂಟುವುದಿಲ್ಲ. ನೋಡ್‌ನಿಂದ ಬರುವ ಕಾರ್ಸ್ ಹೆಡರ್ ಆಗ ತೆಗೆಯಿರಿ, ಎರಡೂ ಕಡೆಯಿಂದ ಬಂದರೆ ಅದಕ್ಕೂ ಬ್ರೌಸರ್ ತಕರಾರು ಮಾಡುತ್ತದೆ.

ಇದರ ಜೊತೆ ಒಂದು ಮಾತು. ಫೆಚ್‌ಗೆ 502 ಬಂದರೆ ಅದು ರಿಜೆಕ್ಟ್ ಆಗುವುದಿಲ್ಲ, ರೆಸಾಲ್ವ್ ಆಗುತ್ತದೆ. ರೆಸ್ಪಾನ್ಸ್‌ನ ಓಕೆ ನೋಡಲೇಬೇಕು. ರಿಜೆಕ್ಟ್ ಆಗುವುದು ಕನೆಕ್ಷನ್ನೇ ಕೆಟ್ಟಾಗ, ಅಥವಾ ಈಗ ನಿಮಗಾದ ಹಾಗೆ ಕಾರ್ಸ್ ಅಡ್ಡ ಬಂದಾಗ. ಆಗಲೂ ‘ಫೇಲ್ಡ್ ಟು ಫೆಚ್’ ಅಂತ ಒಂದೇ ಸಾಲು. ರಿಫ್ಯೂಸ್ಡಾ, ಟೈಮ್‌ಔಟಾ, ಡಿಎನ್‌ಎಸ್ಸಾ ಏನೂ ಹೇಳುವುದಿಲ್ಲ. ಬೇಕಂತಲೇ ಮುಚ್ಚಿಟ್ಟಿದ್ದಾರೆ. ಹೇಳಿದರೆ ಯಾವುದೋ ಸೈಟು ನಿಮ್ಮ ಮನೆಯ ನೆಟ್‌ವರ್ಕ್‌ನಲ್ಲಿ ಯಾವ ಪೋರ್ಟ್ ತೆರೆದಿದೆ ಅಂತ ಕೂತಲ್ಲೇ ಹುಡುಕಬಹುದು.

ಘಟ್ಟದ ನೆಟ್‌ವರ್ಕ್:
ಉತ್ತರ ಅರ್ಧ ಬಂದಾಗ ಸರ್ವರ್ ಸತ್ತರೆ? ನನಗೆ ಡೌನ್‌ಲೋಡ್ ಅರ್ಧಕ್ಕೆ ನಿಂತು ‘ಮುಗಿಯಿತು’ ಅಂತ ತೋರಿಸಿದ್ದಿದೆ.

ಪ್ಯಾಕೆಟ್ ಪರಮೇಶಿ:
ಕಂಟೆಂಟ್ ಲೆಂತ್ (ಒಟ್ಟು ಗಾತ್ರ) ಮೊದಲೇ ಹೇಳಿದ್ದರೆ ಬ್ರೌಸರ್ ಎಣಿಸಿ ‘ಕಡಿಮೆ ಬಂತು’ ಅನ್ನುತ್ತದೆ. ಚಂಕ್ಡ್ (ತುಂಡು ತುಂಡಾಗಿ ಕಳಿಸುವುದು) ಆದರೆ ಕೊನೆಯ ಸೊನ್ನೆ ಚಂಕ್ ಬರದೇ ಇದ್ದದ್ದರಿಂದ ಗೊತ್ತಾಗುತ್ತದೆ. ಎರಡೂ ಇಲ್ಲದೆ ‘ಕನೆಕ್ಷನ್ ಮುಚ್ಚಿದಾಗ ಮುಗಿಯಿತು’ ಅನ್ನುವ ಹಳೆ ಶೈಲಿಯ ಸರ್ವರ್ ಆದರೆ ಸತ್ತು ಬಂದ ಫಿನ್‌ಗೂ ಮುಗಿದು ಬಂದ ಫಿನ್‌ಗೂ ವ್ಯತ್ಯಾಸವೇ ಇಲ್ಲ. ನಿಮಗಾದದ್ದು ಇದೇ ಇರಬೇಕು.

ಖಾರ ಮಂಡಕ್ಕಿ:
ಎಚ್‌ಟಿಟಿಪಿ 2, 3 ಬಂದ ಮೇಲೆ ಇದೆಲ್ಲ ಸರಿಹೋಗಿಲ್ವಾ?

ಪ್ಯಾಕೆಟ್ ಪರಮೇಶಿ:
ಕೆಲವು ಸರಿಹೋಗಿವೆ. ಎಚ್‌ಟಿಟಿಪಿ 2ರಲ್ಲಿ ಒಂದೇ ಕನೆಕ್ಷನ್ ಮೇಲೆ ಪ್ರತಿ ರಿಕ್ವೆಸ್ಟೂ ಒಂದೊಂದು ಸ್ಟ್ರೀಮ್. ಸರ್ವರ್ ಸಮಾಧಾನವಾಗಿ ನಿಲ್ಲುವಾಗ ಗೋಅವೇ ಅಂತ ಫ್ರೇಮ್ ಕಳಿಸಿ ‘ಇಂಥ ಸ್ಟ್ರೀಮ್‌ವರೆಗೆ ಮಾತ್ರ ಮುಟ್ಟಿದ್ದೇನೆ’ ಅನ್ನುತ್ತದೆ. ಅದರ ಮುಂದಿನವನ್ನು ಬ್ರೌಸರ್ ಧೈರ್ಯವಾಗಿ ಮತ್ತೆ ಕಳಿಸಬಹುದು, ಅದು ಪೋಸ್ಟ್ ಆದರೂ ಸರಿ. ಇಲ್ಲಿ ಊಹೆ ಇಲ್ಲ. ಆದರೆ ಕ್ರ್ಯಾಶ್ ಆಗುವ ಸರ್ವರ್ ಗೋಅವೇ ಕಳಿಸಿ ಸಾಯುವುದಿಲ್ಲವಲ್ಲ! ಎಲ್ಲ ಒಂದೇ ಕನೆಕ್ಷನ್ ಮೇಲೆ ಇರುವುದರಿಂದ ಬಿದ್ದರೆ ಎಲ್ಲ ಒಟ್ಟಿಗೆ ಬೀಳುತ್ತವೆ. ಒಳ್ಳೆಯದು ಏನೆಂದರೆ, 10 ಸೆಕೆಂಡಿನಿಂದ ಆ ಕಡೆಯಿಂದ ಏನೂ ಬಂದಿಲ್ಲದ ಕನೆಕ್ಷನ್ ಮೇಲೆ ಹೊಸ ರಿಕ್ವೆಸ್ಟ್ ಹಾಕುವಾಗ ಕ್ರೋಮ್ ಪಿಂಗ್ ಫ್ರೇಮ್ ಕಳಿಸುತ್ತದೆ. ಉತ್ತರ ಬರದಿದ್ದರೆ ಆ ಕನೆಕ್ಷನ್ ಬಿಸಾಕಿ ಹೊಸದು ಮಾಡುತ್ತದೆ. ಪವರ್ ಹೋದ ಸರ್ವರ್ ಇದರಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಎಚ್‌ಟಿಟಿಪಿ 3 ಓಡುವುದು ಟಿಸಿಪಿ ಬದಲು ಯುಡಿಪಿ ಮೇಲೆ. ಅಲ್ಲಿ ಕರ್ನಲ್‌ಗೆ ಕನೆಕ್ಷನ್ ಅನ್ನುವುದೇ ಗೊತ್ತಿಲ್ಲ, ಹಾಗಾಗಿ ಪ್ರೊಸೆಸ್ ಸತ್ತಾಗ ಫಿನ್ ಕಳಿಸುವ ಉಪಕಾರವೂ ಇಲ್ಲ. ಅದಕ್ಕೆ ಬದಲಾಗಿ ಸ್ಟೇಟ್‌ಲೆಸ್ ರೀಸೆಟ್ ಅಂತ ಮಾಡಿದ್ದಾರೆ, 2021ರ ಆರ್‌ಎಫ್‌ಸಿ 9000ದಲ್ಲಿದೆ. ಸತ್ತು ಎದ್ದ ಸರ್ವರ್ ಹಳೆ ಕೀ ಉಳಿಸಿಕೊಂಡಿದ್ದರೆ ‘ನನಗೆ ನೆನಪಿಲ್ಲ’ ಅಂತ ನಂಬುವ ರೀತಿಯಲ್ಲಿ ಹೇಳಬಹುದು. ಏನೂ ಆಗದಿದ್ದರೆ ಕ್ರೋಮ್ ಟಿಸಿಪಿಗೆ ಹಿಂದಿರುಗಿ, ಸ್ವಲ್ಪ ಹೊತ್ತು ಆ ಸರ್ವರ್ ಜೊತೆ ಎಚ್‌ಟಿಟಿಪಿ 3ರ ಸಹವಾಸ ಬಿಡುತ್ತದೆ.

ತುಂಗಾತೀರ:
ಪಾವತಿ ಸ್ಥಿತಿ ತೋರಿಸಲು ಈವೆಂಟ್‌ಸೋರ್ಸ್ (ಸರ್ವರ್‌ನಿಂದ ಸುದ್ದಿ ಬರುತ್ತಲೇ ಇರುವ ಕನೆಕ್ಷನ್) ಬಳಸಿದ್ದೇನೆ. ಅದು ತಾನೇ ಮತ್ತೆ ಕನೆಕ್ಟ್ ಆಗುತ್ತದೆ ಅಂತ ಓದಿದ್ದೆ. ನೋಡ್ ರೀಸ್ಟಾರ್ಟ್ ಮಾಡಿದರೆ ಮೊದಲು ಆಗುತ್ತಿತ್ತು. ಎಂಜಿನ್‌ಎಕ್ಸ್ ಹಾಕಿದ ಮೇಲೆ ಒಮ್ಮೆ ಬಿದ್ದರೆ ಏಳುತ್ತಲೇ ಇಲ್ಲ.

ಬ್ಯಾಕೆಂಡ್ ಭಾಗ್ಯ:
ಇದು ತುಂಬ ಜನರನ್ನು ಕಾಡಿದ್ದು. ಈವೆಂಟ್‌ಸೋರ್ಸ್ ಕನೆಕ್ಷನ್ ಕಡಿದರೆ ಮತ್ತೆ ಪ್ರಯತ್ನಿಸುತ್ತದೆ, ಕ್ರೋಮ್ 3 ಸೆಕೆಂಡಿಗೆ, ಫೈರ್‌ಫಾಕ್ಸ್ 5 ಸೆಕೆಂಡಿಗೆ. ನೀವು ರಿಟ್ರೈ ಅಂತ ಕಳಿಸಿ ಬದಲಾಯಿಸಬಹುದು. ಆದರೆ ಹಾಗೆ ಪ್ರಯತ್ನಿಸಿದಾಗ 200 ಅಲ್ಲದ ಉತ್ತರ ಬಂದರೆ ಶಾಶ್ವತವಾಗಿ ಬಾಗಿಲು ಹಾಕಿಕೊಳ್ಳುತ್ತದೆ, ನಿಯಮವೇ ಹಾಗಿದೆ. ಮೊದಲು ನೋಡ್ ಸತ್ತಾಗ ರಿಫ್ಯೂಸ್ಡ್ ಬರುತ್ತಿತ್ತು, ಅದು ನೆಟ್‌ವರ್ಕ್ ಎರರ್, ಪ್ರಯತ್ನ ಮುಂದುವರಿಯುತ್ತಿತ್ತು. ಈಗ ಎಂಜಿನ್‌ಎಕ್ಸ್ 502 ಕೊಡುತ್ತದೆ. ಅದು ಉತ್ತರ. ಮುಗಿಯಿತು. ಆನ್‌ಎರರ್‌ನಲ್ಲಿ ರೆಡಿಸ್ಟೇಟ್ ಕ್ಲೋಸ್ಡ್ ಆಗಿದೆಯಾ ನೋಡಿ, ಆಗಿದ್ದರೆ ನೀವೇ ಹೊಸ ಈವೆಂಟ್‌ಸೋರ್ಸ್ ಮಾಡಬೇಕು.

ವೆಬ್‌ಸಾಕೆಟ್ (ಎರಡೂ ಕಡೆಯವರು ಮಾತಾಡಬಹುದಾದ ಕನೆಕ್ಷನ್) ಆದರೆ ಇಷ್ಟೂ ಇಲ್ಲ. ಕ್ಲೋಸ್ ಈವೆಂಟ್‌ನಲ್ಲಿ 1006 (‘ಅಸಹಜವಾಗಿ ಮುಚ್ಚಿತು’) ಕೊಟ್ಟು ಬ್ರೌಸರ್ ಸುಮ್ಮನಾಗುತ್ತದೆ. ಮತ್ತೆ ಕನೆಕ್ಟ್ ಮಾಡುವುದು ಪೂರ್ತಿ ನಿಮ್ಮ ಕೆಲಸ.

ಹಳೇ ಸಿಸ್‌ಅಡ್ಮಿನ್:
ಹಾಗೆ ಮಾಡುವಾಗ ‘ಪ್ರತಿ 3 ಸೆಕೆಂಡಿಗೆ’ ಅಂತ ಬರೆಯಬೇಡಿ. ಶುಲ್ಕ ಕಟ್ಟುವ ಕೊನೆಯ ದಿನ ಸರ್ವರ್ ಬಿದ್ದರೆ ಎಲ್ಲ ಟ್ಯಾಬ್‌ಗಳೂ ಒಂದೇ ಕ್ಷಣಕ್ಕೆ ಕಡಿದು, ಒಂದೇ ಕ್ಷಣಕ್ಕೆ ವಾಪಸ್ ಬರುತ್ತವೆ. ಈಗಷ್ಟೇ ಎದ್ದ ಸರ್ವರ್ ಆ ಏಟಿಗೆ ಮತ್ತೆ ಮಲಗುತ್ತದೆ. ಕಾಯುವ ಹೊತ್ತು ದುಪ್ಪಟ್ಟು ಮಾಡುತ್ತಾ ಹೋಗಿ, ಅದಕ್ಕೆ ಒಂದಿಷ್ಟು ರ‍್ಯಾಂಡಮ್ ಸೇರಿಸಿ. ಕ್ರೋಮ್‌ನ ಎರರ್ ಪುಟ ತಾನಾಗಿ ರೀಲೋಡ್ ಆಗುವುದನ್ನು ನೋಡಿರಬಹುದು, ಅದು ಕೂಡ ಮೊದಲು ಕೆಲವು ಸೆಕೆಂಡ್, ಆಮೇಲೆ 30 ಸೆಕೆಂಡ್, 1 ನಿಮಿಷ, 5, 10, ಕೊನೆಗೆ 30 ನಿಮಿಷ ಅಂತ ನಿಧಾನ ಮಾಡುತ್ತದೆ. ಪೋಸ್ಟ್‌ನಿಂದ ಬಂದ ಎರರ್ ಪುಟವಾದರೆ ಮುಟ್ಟುವುದಿಲ್ಲ. ಅಷ್ಟರ ಮಟ್ಟಿಗೆ ಖಾರ ಮಂಡಕ್ಕಿ ಅವರ ಮಾತು ನಿಜ.

ಖಾರ ಮಂಡಕ್ಕಿ:
ಅಂತೂ ಒಂದಾದರೂ ಒಪ್ಪಿದಿರಿ.

ತುಂಗಾತೀರ:
ಯೂನಿಕ್ ಇಂಡೆಕ್ಸ್ ಹಾಕಿದೆ, ಈವೆಂಟ್‌ಸೋರ್ಸ್ ಸರಿ ಮಾಡಿದೆ. ಈಗ ಪ್ರತಿ ಸಲ ವಿಎಂ ಆಫ್ ಮಾಡುವ ಬದಲು ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಡ್ರಾಪ್ (ಪ್ಯಾಕೆಟನ್ನು ಸದ್ದಿಲ್ಲದೆ ಎಸೆ) ಹಾಕಿ ಪರೀಕ್ಷೆ ಮಾಡೋಣ ಅಂದುಕೊಂಡೆ. ಹೊಸ ಟ್ಯಾಬ್ ಸುತ್ತುತ್ತದೆ, ಸರಿ. ಆದರೆ ಈಗಾಗಲೇ ತೆರೆದಿರುವ ಈವೆಂಟ್‌ಸೋರ್ಸ್‌ಗೆ ಡೇಟಾ ಬರುತ್ತಲೇ ಇದೆಯಲ್ಲ?

ಹಳೇ ಸಿಸ್‌ಅಡ್ಮಿನ್:
ಮೈನಸ್ ದೊಡ್ಡ ಎ ಕೊಟ್ಟು ಸೇರಿಸಿರುತ್ತೀರಿ, ಅದು ಸಾಲಿನ ಕೊನೆಗೆ ಹೋಗಿ ಕೂರುತ್ತದೆ. ಮೇಲೆ ಎಲ್ಲೋ ‘ಎಸ್ಟಾಬ್ಲಿಶ್ಡ್ ಆದವನ್ನು ಬಿಡು’ ಅನ್ನುವ ಸಾಲು ಇರುತ್ತದೆ, ಹಳೆ ಕನೆಕ್ಷನ್‌ಗಳು ಅಲ್ಲೇ ಪಾಸ್ ಆಗುತ್ತಿವೆ. ಮೈನಸ್ ದೊಡ್ಡ ಐ ಕೊಟ್ಟು ಮೊದಲ ಸಾಲಿಗೆ ಹಾಕಿ. ಬರುವ ಕಡೆ ಮಾತ್ರ ಅಲ್ಲ, ಹೋಗುವ ಕಡೆಗೂ ಹಾಕಿ, ಇಲ್ಲದಿದ್ದರೆ ಸರ್ವರ್ ಕಳಿಸಿದ್ದು ಸ್ವಲ್ಪ ಹೊತ್ತು ಬ್ರೌಸರ್‌ಗೆ ತಲುಪುತ್ತಲೇ ಇರುತ್ತದೆ. ರಿಜೆಕ್ಟ್ ಹಾಕಬೇಡಿ, ಡ್ರಾಪ್ ಮಾತ್ರ. ರಿಜೆಕ್ಟ್ ಉತ್ತರ ಕೊಡುತ್ತದೆ, ನಿಮಗೆ ಬೇಕಿರುವುದು ಉತ್ತರ ಕೊಡದ ಸರ್ವರ್. ಮತ್ತೆ ಪೋರ್ಟ್ 443 ಅಂತ ಖಚಿತವಾಗಿ ಬರೆಯಿರಿ, ಎಲ್ಲ ಪೋರ್ಟ್‌ಗೂ ಹಾಕಿದರೆ ಸರ್ವರ್‌ಗೆ ಲಾಗಿನ್ ಆಗುವ ನಿಮ್ಮ ಎಸ್‌ಎಸ್‌ಎಚ್ ಕೂಡ ಅದೇ ಚಕ್ರ ಸುತ್ತುತ್ತಾ ಕೂರುತ್ತದೆ.